ಅಣ್ಣನ ತೊಟ್ಟಿಯ ಕೊಳೆ

ಬಾಗಿಲು ತೆರೆದು, ಕುರ್ಚಿಗಳ ಧೂಳು ಹೊಡೆದು, ಹಳೆಯ ವಾರಪತ್ರಿಕೆಗಳನ್ನು ಹೊಸವು ಅನ್ನಿಸುವ ಹಾಗೆ ಜೋಡಿಸಿಟ್ಟ ಮೇಲೆ ಮೋಡಮ್ಮ ಇಲ್ಲದ ಮೀನುಗಳಿಗೆ ಊಟ ಹಾಕುತ್ತಿದ್ದಳು.

ಅದು ಹಲ್ಲಿನ ಆಸ್ಪತ್ರೆ. ರೋಗಿಗಳು ಕಾಯುವ ಕೋಣೆಯಲ್ಲಿ, ಗೋಡೆಗೆ ಒತ್ತಿ ಇಟ್ಟ ಉದ್ದನೆಯ ಗಾಜಿನ ತೊಟ್ಟಿ. ತಳದಲ್ಲಿ ಕಪ್ಪು ಮರಳು. ಮರಳಿನಲ್ಲಿ ಬೇರು ಬಿಡಲೋ ಬೇಡವೋ ಎಂದು ಯೋಚಿಸುತ್ತ ನಿಂತ ನೀರುಗಿಡಗಳು. ಮೂಲೆಯಲ್ಲಿ ಗುಳುಗುಳು ಎನ್ನುವ ಫಿಲ್ಟರು, ಮೇಲೊಂದು ದೀಪ. ಮೀನು ಮಾತ್ರ ಇರಲಿಲ್ಲ. ಅವಳು ಡಬ್ಬಿಯಿಂದ ಒಂದು ಚಿಟಿಕೆ ಆಹಾರ ತೆಗೆದು ಉದುರಿಸುವಳು. ಅದು ಕೊಂಚ ತೇಲಿ, ನೆನೆದು, ಯಾರೂ ತಿನ್ನಲು ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ತಳ ಸೇರಿ ಕೊಳೆಯುವುದು. ಕೊಳೆಯಲಿ ಎಂದೇ ಹಾಕುವುದು.

ದವಡೆ ಊದಿಸಿಕೊಂಡು ಬಂದವರೊಬ್ಬರು ಇದನ್ನು ನೋಡಿ ಕೇಳಿದರು, "ಮೀನೆಲ್ಲಮ್ಮಾ?"

"ಇನ್ನೂ ಬಂದಿಲ್ಲ."

"ಮತ್ತೆ ಊಟ ಯಾರಿಗೆ?"

"ನೀರಿಗೆ."

ಅವರು ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿದರು. ಹಲ್ಲು ಬಹಳ ನೋಯುತ್ತಿದ್ದುದರಿಂದ ಕೂತರು.

ಮೋಡಮ್ಮನಿಗೆ ಬೇರೊಂದು ಹೆಸರಿತ್ತು. ಅದು ಶಾಲೆಯಲ್ಲಿ ಹಾಜರಿ ಕೂಗುವಾಗಷ್ಟೇ ಕೆಲಸಕ್ಕೆ ಬಂದದ್ದು. ಕರೆದರೆ ಮೊದಲು 'ಹೂಂ' ಅನ್ನುವುದು, ಆಮೇಲೆ ಕೇಳಿಸಿಕೊಳ್ಳುವುದು ಅವಳ ರೀತಿ. ಮನಸ್ಸು ಎಲ್ಲೋ ತೇಲುತ್ತಿರುತ್ತದೆ ಎಂದು ಸೋದರಮಾವಂದಿರಿಬ್ಬರೂ ಸೇರಿ ಇಟ್ಟ ಹೆಸರು ಅದು. ಅವರಿಬ್ಬರೂ ಸೇರಿ ಮಾಡಿದ ಕೊನೆಯ ಕೆಲಸವೂ ಬಹುಶಃ ಅದೇ.

ಸೋದರಮಾವಂದಿರು ಇಬ್ಬರೂ ಹಲ್ಲಿನ ಡಾಕ್ಟರು. ಈ ಆಸ್ಪತ್ರೆ ಚಿಕ್ಕಮಾವನದು. ದೊಡ್ಡಮಾವನದು ಸೇತುವೆಯ ಆಚೆ. ಹಿಂದೊಮ್ಮೆ ಚಿಕ್ಕಮಾವ ಹಲ್ಲು ತುಂಬಿ ಕಳಿಸಿದ ರೋಗಿಯೊಬ್ಬ ಬೇರೆ ಯಾವುದಕ್ಕೋ ದೊಡ್ಡಮಾವನ ಹತ್ತಿರ ಹೋಗಿ ಬಾಯಿ ತೆರೆದ. ದೊಡ್ಡಮಾವ ತಮ್ಮನ ಕೆಲಸವನ್ನು ಪುಟ್ಟ ಕನ್ನಡಿಯಲ್ಲಿ ನೋಡಿ, "ಸದ್ಯಕ್ಕೆ ಪರವಾಗಿಲ್ಲ" ಅಂದ. ರೋಗಿ ಆ ಮಾತನ್ನು ಒಂದಕ್ಷರ ಚೆಲ್ಲದೆ ಸೇತುವೆ ದಾಟಿಸಿ ತಂದು ಚಿಕ್ಕಮಾವನಿಗೆ ಒಪ್ಪಿಸಿದ. ಅಂದಿನಿಂದ ಅಣ್ಣ ತಮ್ಮಂದಿರ ನಡುವೆ ಮಾತಿಲ್ಲ. ಮನೆಯ ಸಮಾರಂಭಗಳಲ್ಲಿ ಕೋಣೆಯ ಎರಡು ತುದಿಗೆ ಇಬ್ಬರು ಕೂರುವರು. ಏನಾದರೂ ಹೇಳಬೇಕಾದರೆ ನಡುವೆ ಕೂತ ಅಜ್ಜಿಗೆ ಹೇಳುವರು. ಮೋಡಮ್ಮ ಶಾಲೆಯ ರಜೆಗಳನ್ನು ಅರ್ಧ ಈ ಮಾವನ ಮನೆಯಲ್ಲಿ, ಅರ್ಧ ಆ ಮಾವನ ಮನೆಯಲ್ಲಿ ಕಳೆದು ಬೆಳೆದವಳು. ಈಗ ಅಲ್ಲಿ ಇಲ್ಲಿಯ ಸುದ್ದಿ ಎತ್ತುವಂತಿಲ್ಲ, ಇಲ್ಲಿ ಅಲ್ಲಿಯದು. ಇಬ್ಬರೂ ಅವಳನ್ನು, "ಅವರ ಮನೇಲಿ ಎಲ್ಲ ಹೇಗಿದಾರೆ ಅಂತ ನಾನೇನೂ ಕೇಳ್ತಾ ಇಲ್ಲ" ಎಂದು ಆಗಾಗ ಕೇಳುತ್ತಿದ್ದರು.

ಅಜ್ಜಿ ಚಿಕ್ಕಮಾವನ ಜೊತೆ ಆಸ್ಪತ್ರೆಯ ಮೇಲಿನ ಮನೆಯಲ್ಲಿದ್ದಳು. ಇಬ್ಬರು ಹಲ್ಲಿನ ಡಾಕ್ಟರನ್ನು ಹೆತ್ತ ಅವಳ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಕಟ್ಟಿಸಿಕೊ ಎಂದರೆ, "ಒಬ್ಬ ಕಟ್ಟಿಕೊಟ್ರೆ ಇನ್ನೊಬ್ಬ ಬಾಯಿ ತೆಗಿ ಅಂತಾನೆ. ಬೇಡಪ್ಪ" ಎನ್ನುವಳು. ಹಗಲೆಲ್ಲ ಕೆಳಗೆ ಬಂದು ತೊಟ್ಟಿಯ ಪಕ್ಕದ ಕುರ್ಚಿಯಲ್ಲಿ ಕೂರುವಳು. ಅಲ್ಲಿ ಮಾತಿಗೆ ಜನ ಸಿಗುತ್ತಿದ್ದರು. ಬಾಯಿ ನೋಯುವವರಾದ್ದರಿಂದ ಎದುರಾಡುತ್ತಲೂ ಇರಲಿಲ್ಲ.

ಮೀನಿನ ವಿಷಯ ಎತ್ತಿದ್ದು ಅಜ್ಜಿಯೇ. ದೊಡ್ಡಮಾವನ ಆಸ್ಪತ್ರೆಯಲ್ಲೂ ಒಂದು ತೊಟ್ಟಿ. ಅದರಲ್ಲಿ ಮೀನುಗಳು ಮರಿ ಹಾಕಿ, ಮರಿಗಳು ದೊಡ್ಡವಾಗಿದ್ದವು. "ತಮ್ಮನಿಗೊಂದು ಜೋಡಿ ಕೊಡೋಕೆ ನಿನಗೆ ಕೈ ಬರಲ್ವೇನೋ?" ಎಂದು ಅಜ್ಜಿ ಫೋನಿನಲ್ಲಿ ಕೇಳಿದಳು. ದೊಡ್ಡಮಾವ, "ನೀರು ಸರಿಯಾದ ಮೇಲೆ ಹೇಳು. ನಾನೇ ತಂದು ಬಿಡ್ತೀನಿ. ಆದ್ರೆ ಹೇಳ್ತೀನಿ ಕೇಳು, ಅವನು ನನ್ನ ಮೀನು ಸಾಯಿಸಿದ್ರೆ ಮತ್ತೆ ಅವನ ಮುಖ ನೋಡಲ್ಲ" ಅಂದ.

ಹೀಗೆ ಆ ಮನೆಯ ಸಂಬಂಧವೆಲ್ಲ ಎರಡು ಮೀನಿನ ಪ್ರಾಣದ ಮೇಲೆ ಬಂದು ನಿಂತಿತು. ಮೋಡಮ್ಮನಿಗೆ ಅದು ಭಯದ ವಿಷಯ, ಯಾಕೆಂದರೆ ಚಿಕ್ಕಮಾವನ ಹಿಂದಿನ ಚರಿತ್ರೆ ಅವಳಿಗೆ ಗೊತ್ತಿತ್ತು. ಹಿಂದೊಮ್ಮೆ ಅವನು ಬೆಳಗ್ಗೆ ತೊಟ್ಟಿಗೆ ನೀರು ತುಂಬಿಸಿ ಸಂಜೆಗೇ ಮೀನು ಬಿಟ್ಟಿದ್ದ. ಅವು ಒಂದೊಂದಾಗಿ ಹೊಟ್ಟೆ ಮೇಲೆ ಮಾಡಿದವು. ಅವಳು ಅವನ್ನು ಎಕ್ಸ್‌ರೇ ಕವರಿನಲ್ಲಿ ಮುಚ್ಚಿಕೊಂಡು ರೋಗಿಗಳ ಮುಂದೆಯೇ ಹಿತ್ತಿಲಿಗೆ ಸಾಗಿಸಿದ್ದಳು. ಹಲ್ಲಿನ ಬೇರಿನ ಚಿಕಿತ್ಸೆಗೆಂದು ಕೂತಿದ್ದ ಹೆಂಗಸೊಬ್ಬಳು, "ಇವನ್ನೂ ಡಾಕ್ಟ್ರೇ ನೋಡ್ಕೊಳ್ತಿದ್ರಾ?" ಎಂದು ಕೇಳಿ, ಉತ್ತರ ಬರುವ ಮೊದಲೇ ಎದ್ದು ಹೋಗಿದ್ದಳು.

ಅದಕ್ಕೇ ಈ ಸಲ ಮೋಡಮ್ಮ ಹಟ ಹಿಡಿದಳು. ಮೀನು ಬರುವ ಮೊದಲು ನೀರು ಪಳಗಬೇಕು.

"ಪಳಗೋದು ಅಂದ್ರೇನೇ?" ಅಜ್ಜಿ ಕೇಳಿದಳು.

ಮೋಡಮ್ಮ ವಿವರಿಸಿದಳು. ತಿಂದು ಉಳಿದದ್ದು, ಮೀನಿನ ಹೊಲಸು, ಎಲ್ಲ ಕೊಳೆತು ಅಮೋನಿಯ ಅನ್ನುವ ವಿಷವಾಗುತ್ತದೆ. ಅದನ್ನು ತಿನ್ನುವ ಬ್ಯಾಕ್ಟೀರಿಯ ಫಿಲ್ಟರಿನ ಸ್ಪಂಜಿನಲ್ಲಿ ಮನೆ ಮಾಡಬೇಕು. ಅವು ತಿಂದು ಬಿಟ್ಟದ್ದು ಮತ್ತೊಂದು ವಿಷ. ಅದನ್ನು ತಿನ್ನಲು ಬ್ಯಾಕ್ಟೀರಿಯದಲ್ಲೇ ಇನ್ನೊಂದು ಜಾತಿ ಬರಬೇಕು. ಅವು ಬಿಟ್ಟದ್ದರಿಂದ ಅಷ್ಟೇನೂ ಕೇಡಿಲ್ಲ, ಗಿಡಗಳು ಅದನ್ನೇ ಉಂಡು ಬೆಳೆಯುತ್ತವೆ. ಇದೆಲ್ಲ ಶುರುವಾಗಲು ಮೊದಲು ಏನಾದರೂ ಕೊಳೆಯಬೇಕು; ಅದಕ್ಕೇ ದಿನಾ ಊಟ.

ಅಜ್ಜಿ ಕಣ್ಣು ಮುಚ್ಚಿ ಕೇಳಿದಳು. "ಅಂದ್ರೆ ಒಬ್ಬ ರಾಕ್ಷಸ ತಿಂದುಬಿಟ್ಟಿದ್ದನ್ನ ಇನ್ನೊಬ್ಬ ರಾಕ್ಷಸ ತಿಂತಾನೆ."

"ಹೂಂ ಅಜ್ಜಿ."

"ರಾಜಕುಮಾರ ಯಾವಾಗ ಬರ್ತಾನೆ?"

"ಇಬ್ಬರೂ ರಾಕ್ಷಸರ ಸಂಸಾರ ನೆಲೆ ನಿಂತ ಮೇಲೆ."

"ಇಂಥ ಕಥೆ ನಾನು ನಿನಗೆ ಹೇಳಿಲ್ಲಪ್ಪ" ಎಂದಳು ಅಜ್ಜಿ. "ನನ್ನ ಕಥೇಲಿ ರಾಕ್ಷಸನ ಪ್ರಾಣ ಎಲ್ಲಿದೆ ಅಂತ ಹುಡುಕಿ ಹಿಸುಕ್ತಿದ್ವಿ."

ಚಿಕ್ಕಮಾವನಿಗೂ ಇದು ರುಚಿಸಲಿಲ್ಲ. "ನಾನು ಬೆಳಗಿಂದ ಸಂಜೆ ತನಕ ಒಳಗೆ ಕೂತು ಬ್ಯಾಕ್ಟೀರಿಯ ಸಾಯಿಸ್ತೀನಿ. ನೀನು ಹೊರಗೆ ಕೂತು ಸಾಕ್ತೀಯ. ನಮ್ಮಿಬ್ರಲ್ಲಿ ಯಾರು ಯಾರಿಗೆ ಸಂಬಳ ಕೊಡ್ತಿರೋದು?"

"ನೀವು ಕೊಡ್ತಿರೋದು ಮಾವ."

"ಜ್ಞಾಪಕ ಇದ್ರೆ ಸರಿ."

ಮೊದಮೊದಲು ತೊಟ್ಟಿ ನೋಡುವ ಹಾಗಿರಲಿಲ್ಲ. ಗಿಡಗಳ ಹಳೆಯ ಎಲೆಗಳು ಕರಗಿ ಲೋಳೆಯಾದವು. ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಯಿತು. ಒಂದು ವಾಸನೆಯೂ ಎದ್ದಿತು. ರೋಗಿಗಳು ಅದನ್ನು ಪಕ್ಕದವರ ಬಾಯಿಯದೆಂದು ತಿಳಿದು ಒಂದೊಂದು ಕುರ್ಚಿ ಬಿಟ್ಟು ಕೂರತೊಡಗಿದರು. ಆಸ್ಪತ್ರೆಯ ನರ್ಸು ಮೂಗಿಗೆ ಮಾಸ್ಕಿನ ಮೇಲೊಂದು ಮಾಸ್ಕು ಹಾಕಿಕೊಂಡಳು. ಅವಳನ್ನು ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು. ಶುದ್ಧಿಯ ವಿಷಯದಲ್ಲಿ ಸಿಸ್ಟರ್ ಯಾರ ಮಾತನ್ನೂ ಕೇಳುವವಳಲ್ಲ. ರೋಗಿ ಇನ್ನೂ ಬಾಗಿಲಲ್ಲಿರುವಾಗಲೇ ಅವನು ಮುಟ್ಟಿದ ಹಿಡಿಯನ್ನು ಒರೆಸುವಳು.

ಬೆಳಗ್ಗೆ ಮೋಡಮ್ಮ ಪುಟ್ಟ ಗಾಜಿನ ನಳಿಕೆಯಲ್ಲಿ ತೊಟ್ಟಿಯ ನೀರು ಹಿಡಿದು, ಪರೀಕ್ಷೆಯ ಔಷಧಿ ಹನಿ ಹಾಕಿ ಅಲ್ಲಾಡಿಸುವಳು. ಅಮೋನಿಯ ಇದ್ದರೆ ಹಸಿರು, ಇಲ್ಲದಿದ್ದರೆ ಹಳದಿ. ಎರಡನೆಯ ವಿಷಕ್ಕೆ ಬೇರೆ ನಳಿಕೆ: ಇದ್ದರೆ ನೇರಳೆ, ಇಲ್ಲದಿದ್ದರೆ ನೀಲಿ. ಬಹಳ ಕಾಲ ಹಸಿರು. ಆಮೇಲೆ ಹಸಿರು ಇಳಿಯಿತು, ನೇರಳೆ ಏರಿತು. ನೇರಳೆಯೂ ಇಳಿಯುತ್ತ ಬಂದಾಗ ಗಿಡಗಳು ಹೊಸ ಚಿಗುರು ಬಿಟ್ಟಿದ್ದವು, ನೀರು ಇದೆಯೋ ಇಲ್ಲವೋ ಅನ್ನುವಷ್ಟು ತಿಳಿಯಾಗಿತ್ತು. ಕೊನೆಗೊಂದು ಬೆಳಗ್ಗೆ ಒಂದು ನಳಿಕೆ ಹಳದಿ, ಇನ್ನೊಂದು ನೀಲಿ. ಹಿಂದಿನ ದಿನದ ಊಟವೆಲ್ಲ ಯಾರೋ ತಿಂದು ಮುಗಿಸಿದ್ದರು. ಮೋಡಮ್ಮ ಎರಡು ನಳಿಕೆಗಳನ್ನೂ ಕಿಟಕಿಯ ಬೆಳಕಿಗೆ ಹಿಡಿದು ಅಜ್ಜಿಗೆ ತೋರಿಸಿದಳು.

"ಅಮ್ಮ, ಭಾನುವಾರ ಬರ್ಲಿ ಅಂತ ಹೇಳಿಬಿಡು" ಎಂದ ಚಿಕ್ಕಮಾವ. ಯಾರಿಗೆ ಎನ್ನಲಿಲ್ಲ. ಅಜ್ಜಿ ಹೇಳಿದಳು.

ಅದಾದ ಮಾರನೆಯ ಮಧ್ಯಾಹ್ನ ರೋಗಿಗಳಿರಲಿಲ್ಲ. ಮೋಡಮ್ಮ ತೊಟ್ಟಿಯ ಎದುರು ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು. ದೀಪದ ಬೆಳಕಿಗೆ ಗಿಡದ ಎಲೆಯೊಂದರ ತುದಿಯಿಂದ ಗಾಳಿಯ ಗುಳ್ಳೆಗಳು ಒಂದರ ಹಿಂದೊಂದು ಮಣಿಸರದಂತೆ ಏಳುತ್ತಿದ್ದವು. ಅಲ್ಲಿ ಕೆಳಗೆ ಮರಳಿನಲ್ಲಿ ಒಂದು ಅರಮನೆ, ಅರಮನೆಗೆ ನೀರಿನದೇ ಬಾಗಿಲು, ಬಾಗಿಲು ತೆರೆದರೂ ನೀರು, ಮುಚ್ಚಿದರೂ ನೀರು. ಹಾಗಾದರೆ ಕಾವಲುಗಾರನಿಗೆ ಏನು ಕೆಲಸ ಎಂದು ಅವಳು ಯೋಚಿಸುತ್ತಿದ್ದಳು.

"ಏನಮ್ಮಾ ಇದು, ಫಿಲ್ಟರೊಳಗೆ ಇಷ್ಟು ಗಲೀಜು? ದೊಡ್ಡ ಡಾಕ್ಟ್ರು ಬರೋ ಹೊತ್ತಿಗೆ. ನಾನು ಕ್ಲೀನ್ ಮಾಡ್ಲಾ?" ಎಂದಳು ಸಿಸ್ಟರ್.

"ಹೂಂ" ಎಂದಳು ಮೋಡಮ್ಮ.

ಕಾವಲುಗಾರನಿಗೆ ಒಂದು ಕೆಲಸ ಸಿಕ್ಕುವ ಹೊತ್ತಿಗೆ ಸಿಸ್ಟರ್ ವಾಪಸು ಬಂದಿದ್ದಳು. ಕೈಯಲ್ಲಿ ಅಂಚು ಬೆಸೆದ ಪ್ಯಾಕೆಟ್ಟು. ಹಲ್ಲು ಕೀಳುವ ಇಕ್ಕಳ ಇಡುವಂಥದು. ಒಳಗಿನದು ಕ್ರಿಮಿಶುದ್ಧವಾದರೆ ಬಣ್ಣ ಬದಲಿಸುವ ಅದರ ಪಟ್ಟಿ ಸರಿಯಾಗಿ ಕಪ್ಪಾಗಿತ್ತು. ಒಳಗೆ, ಸ್ವಲ್ಪ ಕುಗ್ಗಿದ್ದರೂ ಅಚ್ಚುಕಟ್ಟಾಗಿ, ಸ್ಪಂಜು.

ಮೋಡಮ್ಮ ನೋಡಿದಳು. "ಸಿಸ್ಟರ್, ಇದನ್ನ ಏನು ಮಾಡಿದ್ರಿ?"

"ಸೋಪಲ್ಲಿ ತೊಳೆದೆ. ಆಮೇಲೆ ಆಟೋಕ್ಲೇವ್‌ಗೆ ಹಾಕಿದೆ."

ಆಟೋಕ್ಲೇವ್ ಅಂದರೆ ಆಸ್ಪತ್ರೆಯ ಉಪಕರಣಗಳನ್ನು ಒತ್ತಡದ ಉಗಿಯಲ್ಲಿ ಬೇಯಿಸುವ ಪಾತ್ರೆ. ಅದರೊಳಗೆ ಹೋಗಿ ಬಂದ ಮೇಲೆ ಯಾವ ಜೀವವೂ ಉಳಿಯುವುದಿಲ್ಲ. ಉಳಿಯಬಾರದು ಎಂದೇ ಅದನ್ನು ಕೊಂಡದ್ದು.

"ಈಗ ಒಂದು ಕ್ರಿಮಿ ಇದ್ರೆ ನನ್ನನ್ನ ಕೇಳು" ಎಂದಳು ಸಿಸ್ಟರ್.

ಕೇಳುವಂಥದ್ದೇನೂ ಇರಲಿಲ್ಲ. ಶನಿವಾರ ಬೆಳಗ್ಗೆ ನಳಿಕೆ ಹಸಿರಾಯಿತು. ಮೋಡಮ್ಮ ಮತ್ತೊಮ್ಮೆ ಹಿಡಿದಳು, ಅದೂ ಹಸಿರು. ಗಿಡಗಳು ಒಂದಿಷ್ಟು ಕುಡಿಯುತ್ತವೆ, ಆದರೆ ಎರಡು ಮೀನಿನ ಹೊಲಸು ಹೊರುವಷ್ಟು ಅವಿನ್ನೂ ಬೆಳೆದಿರಲಿಲ್ಲ. ನಳಿಕೆ ಹಿಡಿದುಕೊಂಡೇ ಒಳಗೆ ಹೋದಳು. ಚಿಕ್ಕಮಾವ ರೋಗಿಯೊಬ್ಬರ ಬಾಯಿಯ ಮೇಲೆ ಬಾಗಿದ್ದ.

"ಮಾವ, ಸ್ಪಂಜು ಬೆಂದುಹೋಯ್ತು."

"ಯಾವ ಸ್ಪಂಜು?"

"ಫಿಲ್ಟರಿಂದು. ಸಿಸ್ಟರ್ ನನ್ನ ಕೇಳಿದ್ರು. ನಾನು ಹೂಂ ಅಂದೆ. ತಪ್ಪು ನಂದೇ."

ಡ್ರಿಲ್ಲು ನಿಂತಿತು. ರೋಗಿಯ ಕಣ್ಣುಗಳು ಇವನಿಂದ ಅವಳಿಗೆ, ಅವಳಿಂದ ಇವನಿಗೆ ಓಡಾಡಿದವು.

"ಸಂಜೆ ಫೋನ್ ಮಾಡಿ ಬರಬೇಡ ಅಂದ್ರೆ, ನೋಡು, ಇವನ ಕೈಲಿ ಮಾಡೋಕಾಗ್ಲಿಲ್ಲ ಅಂತಾನೆ" ಎಂದ ಚಿಕ್ಕಮಾವ. "ಹೇಳೋದೇ ಬೇಡ. ಬರ್ಲಿ. ಮೀನು ಬಿಡ್ಲಿ. ನೀನು ದಿನಾ ನೀರು ಬದಲಾಯಿಸ್ತಾ ಇರು. ಬದುಕಿದ್ರೂ ಬದುಕಬಹುದು."

"ಬದುಕದೇ ಇದ್ರೆ?"

ಚಿಕ್ಕಮಾವ ಡ್ರಿಲ್ಲಿನ ಹಿಡಿ ಒರೆಸತೊಡಗಿದ.

"ದೊಡ್ಡಮಾವ ಮರಿಯಿಂದ ಸಾಕಿರೋ ಮೀನು ಮಾವ. ಹಸಿರು ನೀರಿಗೆ ನಾನು ಬಿಡೋಕೆ ಬಿಡಲ್ಲ."

ರೋಗಿ "ಆಆ" ಎಂದರು. ಅವಳ ಪರವಾಗಿ ಎಂದೇ ತೋರಿತು.

"ಇನ್ನೊಂದು ದಾರಿ ಇದೆ" ಎಂದಳು ಮೋಡಮ್ಮ. "ಹಳೇ ತೊಟ್ಟಿಯ ಕೊಳಕು ಸ್ಪಂಜು ತಂದು ನಮ್ಮ ಫಿಲ್ಟರಲ್ಲಿಟ್ರೆ ಅದರಲ್ಲಿರೋ ಬ್ಯಾಕ್ಟೀರಿಯ ಇಲ್ಲಿ ಬೇಗ ಹಿಡಿಯುತ್ತೆ. ಮೀನಿನ ಅಂಗಡಿಯವರದ್ದು ತಂದ್ರೆ ರೋಗಾನೂ ಜೊತೆಗೆ ಬರುತ್ತೆ. ಚೆನ್ನಾಗಿ ನೋಡಿಕೊಂಡಿರೋ ತೊಟ್ಟಿ ಅಂದ್ರೆ…"

"ಅವನ ಹತ್ರ ಹೋಗಿ ನಾನು ಕೊಳೆ ಬೇಡ್ಬೇಕಾ?"

"ಬೇಡೋದಲ್ಲ ಮಾವ. ಕೇಳೋದು."

ಚಿಕ್ಕಮಾವ ಕೈಗವಸು ಹಾಕಿಕೊಂಡೇ ಹೊರಗೆ ಬಂದು ಅಜ್ಜಿಯ ಮುಂದೆ ನಿಂತ. "ಅಮ್ಮ, ಅವನಿಗೊಂದು ಮಾತು ಹೇಳ್ಬೇಕಿತ್ತು."

ಒಳಗಿನ ಮಾತೆಲ್ಲ ಅಜ್ಜಿಗೆ ಕೇಳಿಸಿತ್ತು. "ನನ್ನ ಕೈಲಾಗಲ್ಲಪ್ಪ. ಹಲ್ಲಿಲ್ಲದ ಬಾಯಿ. ಕಷ್ಟದ ಮಾತು ಸರಿಯಾಗಿ ಹೊರಡಲ್ಲ."

"ಇಷ್ಟು ದಿನ ಹೊರಡ್ತಿತ್ತಲ್ಲ?"

"ಅವೆಲ್ಲ ಸುಲಭದ್ದು" ಎಂದು ಅಜ್ಜಿ ತೊಟ್ಟಿಯ ಕಡೆ ತಿರುಗಿ ಕೂತಳು.

ಮೋಡಮ್ಮ ನಂಬರು ಒತ್ತಿ ಫೋನನ್ನು ಚಿಕ್ಕಮಾವನ ಕಿವಿಗೆ ಹಿಡಿದಳು. ದೊಡ್ಡಮಾವನ ದನಿ ದೊಡ್ಡದು, ಅವಳಿಗೂ ಕೇಳಿಸುತ್ತಿತ್ತು.

"ಯಾರು?"

"ನಾನು."

"ನಾನು ಅಂದ್ರೆ?"

"ನಿನ್ನ ತಮ್ಮ."

ಆ ಕಡೆ ಏನೋ ಲೋಹದ್ದು ಟ್ರೇಗೆ ಬಿದ್ದ ಸದ್ದು. "ಅಮ್ಮನಿಗೇನಾಯ್ತು?"

"ಏನೂ ಆಗಿಲ್ಲ. ಇಲ್ಲೇ ಕೂತಿದಾಳೆ. ಚೆನ್ನಾಗಿದಾಳೆ, ಹೇಳಿದ ಮಾತು ಮಾತ್ರ ಕೇಳ್ತಿಲ್ಲ."

"ಮತ್ತೆ?"

ಚಿಕ್ಕಮಾವ ಗೋಡೆಯ ಮೇಲಿನ ದವಡೆಯ ಚಿತ್ರವನ್ನು ಮೊದಲ ಸಲ ನೋಡುವವನಂತೆ ನೋಡಿದ. "ಒಂದು ಕೊಳಕು ಸ್ಪಂಜು ಬೇಕಿತ್ತು. ನಿನ್ನ ಫಿಲ್ಟರಿಂದು. ನಮ್ಮದನ್ನ ಆಟೋಕ್ಲೇವ್ ಮಾಡ್ಬಿಟ್ವಿ."

ಮೋಡಮ್ಮ ತಾನೂ ಫೋನಿನ ಹತ್ತಿರಕ್ಕೆ ಕಿವಿ ತಂದಳು. ದೊಡ್ಡಮಾವ ಈಗ ನಕ್ಕರೆ ಮುಗಿಯಿತು, ಇನ್ನು ಮೀನೂ ಇಲ್ಲ, ಮಾತೂ ಇಲ್ಲ.

"ಪೂರ್ತಿ ಹೊತ್ತು ಇಟ್ಟಿದ್ರಾ?" ಎಂದಿತು ದನಿ.

"ಪೂರ್ತಿ."

"ಹಾಗಾದ್ರೆ ಏನೂ ಉಳಿದಿರಲ್ಲ."

"ಉಳಿದಿಲ್ಲ."

ದೊಡ್ಡಮಾವನ ದನಿ ಸ್ವಲ್ಪ ಇಳಿಯಿತು. "ನಮ್ಮಲ್ಲಿ ಹೋದ ವರ್ಷ ನೀರಿಗೆ ಮೌತ್‌ವಾಶ್ ಹಾಕಿದ್ರು. ಮೀನಿನ ವಾಸನೆ ಬರುತ್ತೆ ಅಂತ."

"ಯಾವುದು?"

"ಪುದೀನದ್ದು."

"ಮೀನು?"

"ಹೋದ್ವು. ಈಗಿರೋದು ಆಮೇಲೆ ಶುರು ಮಾಡಿದ್ದು. ಯಾರಿಗೂ ಹೇಳಿಲ್ಲ."

"ಪಾಪ" ಎಂದ ಚಿಕ್ಕಮಾವ. ಮೀನಿಗೋ ಅಣ್ಣನಿಗೋ ಬಿಡಿಸಿ ಹೇಳಲಿಲ್ಲ. ಒಳಗಿನಿಂದ ರೋಗಿ ಮತ್ತೊಮ್ಮೆ "ಆಆ" ಎಂದು ನೆನಪಿಸಿದರು.

ಭಾನುವಾರ ದೊಡ್ಡಮಾವ ಬಂದ. ಮೀನು ತರಲಿಲ್ಲ. ಕೈಯಲ್ಲೊಂದು ಮುಚ್ಚಳದ ಡಬ್ಬಿ, ಅದರಲ್ಲಿ ತನ್ನ ತೊಟ್ಟಿಯದೇ ನೀರು, ನೀರಿನಲ್ಲಿ ಕೆಸರುಬಣ್ಣದ ಸ್ಪಂಜು. ದಾರಿಯಲ್ಲಿ ನೀರು ಚೆಲ್ಲಬಾರದೆಂದು ಕಾರಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದನಂತೆ, ಪ್ಯಾಂಟು ಒದ್ದೆಯಾಗಿತ್ತು. ಅಣ್ಣ ತಮ್ಮ ಇಬ್ಬರೂ ತೋಳು ಮಡಿಚಿ ತೊಟ್ಟಿಯ ಮುಂದೆ ನಿಂತರು. ದೊಡ್ಡಮಾವ ಸ್ಪಂಜನ್ನು ಆ ತಿಳಿನೀರಿನಲ್ಲಿ ಹಿಂಡಿದ. ಕಂದು ಮೋಡವೊಂದು ಎದ್ದು ಗಿಡಗಳನ್ನೆಲ್ಲ ನುಂಗಿತು. ಸಿಸ್ಟರ್ ಎದ್ದು ಹೊರಗೆ ಹೋದಳು.

"ಇನ್ನೂ ಹಿಂಡು" ಎಂದ ಚಿಕ್ಕಮಾವ.

"ಸಾಕು. ಉಳಿದದ್ದು ಸ್ಪಂಜಲ್ಲೇ ಇರ್ಬೇಕು."

"ತಂದಿದ್ದು ತಂದೆ, ಜಿಪುಣತನ ಯಾಕೆ?"

"ನಿನಗೆ ಚಿಕ್ಕಂದಿನಿಂದಲೂ ಎಲ್ಲಾ ಒಂದೇ ಸಲಕ್ಕೆ ಬೇಕು."

ಅಜ್ಜಿ ನಡುವಿನ ಕುರ್ಚಿಯಿಂದ ಎದ್ದು ಬದಿಯ ಕುರ್ಚಿಗೆ ಹೋಗಿ ಕೂತಳು. ಅವಳ ಮೂಲಕ ಹಾದುಹೋಗಬೇಕಾದ ಮಾತು ಯಾವುದೂ ಇರಲಿಲ್ಲ.

ಮತ್ತೆ ಮೋಡಮ್ಮ ಊಟ ಹಾಕಿದಳು, ಬೆಳಗ್ಗೆ ನಳಿಕೆ ಹಿಡಿದಳು. ಫಿಲ್ಟರಿನ ಮುಚ್ಚಳಕ್ಕೆ ಸಿಸ್ಟರ್ ತಾನಾಗಿಯೇ ಪ್ಲಾಸ್ಟರು ಅಂಟಿಸಿ, 'ಇದನ್ನು ಮುಟ್ಟಬಾರದು, ನಾನೂ' ಎಂದು ಬರೆದಿಟ್ಟಳು. ಹಸಿರು ಈ ಸಲ ಹೆಚ್ಚು ದಿನ ನಿಲ್ಲಲಿಲ್ಲ. ನಳಿಕೆಯ ಬಣ್ಣ ಕೇಳಲು ದೊಡ್ಡಮಾವ ಸಂಜೆ ಫೋನು ಮಾಡುತ್ತಿದ್ದ. ಮೋಡಮ್ಮ ಹೇಳಲು ಬಾಯಿ ತೆರೆಯುವ ಮೊದಲೇ ಚಿಕ್ಕಮಾವ ಬಂದು ಫೋನು ಕಿತ್ತುಕೊಳ್ಳುತ್ತಿದ್ದ. "ಹಳದೀನೇ. ಅಲ್ಲ, ಪೂರ್ತಿ ಹಳದಿ. ನಾನೇನು ಬಣ್ಣ ಗೊತ್ತಿಲ್ದೋನಾ?"

ಬಣ್ಣ ಗೊತ್ತಿದ್ದವನೇ. ಎರಡನೆಯ ನಳಿಕೆಯೂ ನೀಲಿಯಲ್ಲಿ ನಿಂತ ಮೇಲೆ ಮೀನುಗಳು ಬಂದವು. ಬೆರಳುದ್ದದ ಎರಡು ಬೆಳ್ಳಿಮೀನು, ರೆಕ್ಕೆಯ ಅಂಚಿಗೆ ಕೆಂಪು. ನೀರಿನ ಬಿಸಿ ಒಂದಾಗಲಿ ಎಂದು ಅವನ್ನು ತಂದ ಪ್ಲಾಸ್ಟಿಕ್ ಚೀಲ ಸಮೇತ ತೊಟ್ಟಿಯಲ್ಲಿ ತೇಲಿಬಿಟ್ಟರು. ಎಷ್ಟು ಹೊತ್ತು ತೇಲಬೇಕು ಎಂಬುದರ ಮೇಲೆ ಇಬ್ಬರು ಡಾಕ್ಟರೂ ಕಾಫಿ ಆರುವವರೆಗೆ ವಾದ ಮಾಡಿದರು. ಮೀನುಗಳು ಚೀಲದೊಳಗಿಂದ ಇಬ್ಬರನ್ನೂ ನೋಡಿದವು. ಕೊನೆಗೆ ದೊಡ್ಡಮಾವ ಚೀಲದ ಬಾಯಿ ಬಿಚ್ಚಿ ಮೋಡಮ್ಮನ ಕೈಗೆ ಕೊಟ್ಟ.

"ನೀನೇ ಬಿಡಮ್ಮ. ನೀರು ನಿಂದು."

ಅವಳು ಚೀಲ ಓರೆ ಮಾಡಿದಳು. ಒಂದು ತಟ್ಟನೆ ಹೊರಟು ಗಿಡಗಳ ಹಿಂದೆ ಹೋಯಿತು. ಇನ್ನೊಂದು ಹೊಸ್ತಿಲಲ್ಲಿ ನಿಂತ ನೆಂಟರಂತೆ ಕೊಂಚ ತಡೆದು, ಹಿಂಬಾಲಿಸಿತು.

"ಬೆಳಗ್ಗೆ ಎದ್ದ ತಕ್ಷಣ ನೋಡು. ಫೋನ್ ಮಾಡು" ಎಂದ ದೊಡ್ಡಮಾವ.

"ಮಾಡ್ತೀನಿ ಮಾವ" ಎಂದಳು ಮೋಡಮ್ಮ.

"ನಿನಗಲ್ಲ, ಅವನಿಗೆ ಹೇಳಿದ್ದು."

ಮರುದಿನ ಮೋಡಮ್ಮ ಬರುವ ಹೊತ್ತಿಗೆ ಆಸ್ಪತ್ರೆಯ ಬಾಗಿಲು ತೆರೆದಿತ್ತು. ಚಿಕ್ಕಮಾವ ಮನೆಯ ಬಟ್ಟೆಯಲ್ಲೇ ಇಳಿದು ಬಂದು, ತಲೆ ಬಾಚದೆ, ಗಾಜಿಗೆ ಮೂಗು ತಾಗಿಸಿ ಕೂತಿದ್ದ. ಕಿವಿಯಲ್ಲಿ ಫೋನು.

"ಇವೆ" ಎಂದ.

"ಎರಡೂ?"

"ಎರಡೂ."

"ಸರಿ."

ಅಷ್ಟೇ. ಮಾರನೆಯ ದಿನವೂ ಅಷ್ಟೇ. ಮೀನುಗಳು ತೊಟ್ಟಿಯ ಉದ್ದಗಲ ಅಳೆದು ಮುಗಿಸಿದವು, ಗಾಜಿನ ಹತ್ತಿರ ಬರಲು ಕಲಿತವು, ಇನ್ನು ಸಾಯುವ ಮಾತಿಲ್ಲವೆಂದು ಯಾರು ನೋಡಿದರೂ ಹೇಳುವಷ್ಟು ಕೊಬ್ಬಿದವು. ಫೋನು ನಿಲ್ಲಲಿಲ್ಲ.

ಮಳೆ ಹಿಡಿದ ಒಂದು ಬೆಳಗ್ಗೆ ಹೊಸ ರೋಗಿಯೊಬ್ಬರು ಕೆನ್ನೆಗೆ ಕೈಯೊತ್ತಿಕೊಂಡು ಬಂದು, "ಡಾಕ್ಟ್ರು ಇದಾರಾ?" ಎಂದು ಕೇಳಿದರು.

"ಇದಾರೆ, ಫೋನಲ್ಲಿದಾರೆ. ಕೂತ್ಕೊಳ್ಳಿ" ಎಂದಳು ಮೋಡಮ್ಮ.

ಒಳಗಿನಿಂದ ಚಿಕ್ಕಮಾವನ ದನಿ ಕೇಳುತ್ತಿತ್ತು.

"ಹೂಂ, ಇವೆ. ಹಾಕಿದೆ. ತಿಂದವು." ಸ್ವಲ್ಪ ತಡೆದು, "ನೀನು ತಿಂದ್ಯಾ?" ಎಂದ.